ಗೆಲಾಕ್ಸಿಯ ಸುರುಳಿ ಬಿಗಿದು ಕರಗುವುದಿಲ್ಲವೇಕೆ?

ಏಪ್ರಿಲ್ ತಿಂಗಳ ಒಂದು ರಾತ್ರಿ, ಊರ ದೀಪಗಳ ಕಾಟವಿಲ್ಲದ ಹೊಲವೊಂದರ ಬದುವಿನ ಮೇಲೆ ಎಂಟಿಂಚಿನ ದೂರದರ್ಶಕ ನಿಲ್ಲಿಸಿಕೊಂಡು ನಾವು ಮೂವರು ಕೂತಿದ್ದೆವು. ಸಪ್ತರ್ಷಿ ಮಂಡಲ ಉತ್ತರದಲ್ಲಿ ಚೆನ್ನಾಗಿ ಮೇಲೇರಿತ್ತು. ಅದರ ಬಾಲದ ತುದಿಯ ಮರೀಚಿಯಿಂದ, ಚಾಚಿದ ಕೈಯ ಎರಡು ಬೆರಳಿನ ಅಗಲದಷ್ಟು ಸರಿದರೆ ಎಂ51 ಸಿಗಬೇಕು. ಪುಸ್ತಕಗಳ ಮುಖಪುಟದಲ್ಲಿ ಚಕ್ಕುಲಿಯಂತೆ ಸುತ್ತಿಕೊಂಡು ಕೂತಿರುವ ಸುಳಿ ಗೆಲಾಕ್ಸಿ ಅದೇ. ಹುಡುಕಿದ್ದು ಸಿಕ್ಕಿತು. ಕಣ್ಣಿಟ್ಟರೆ ಕಂಡದ್ದು ಎರಡು ಮಸುಕು ಮಚ್ಚೆ, ಒಂದು ದೊಡ್ಡದು, ಒಂದು ಚಿಕ್ಕದು. ಕಿಟಕಿಯ ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ. ಜೊತೆಗಿದ್ದ ಹುಡುಗ "ಇಷ್ಟೇನಾ ಸಾರ್?" ಎಂದ. ನನಗೂ ಹಾಗೇ ಅನ್ನಿಸಿತ್ತು. ಹೇಳಲಿಲ್ಲ.

ಸುರುಳಿ ಕಾಣಬೇಕಾದರೆ ದೊಡ್ಡ ಕನ್ನಡಿ ಬೇಕು. 1845ರ ವಸಂತದಲ್ಲಿ ಐರ್ಲೆಂಡಿನ ಬರ್ ಕೋಟೆಯ ಅಂಗಳದಲ್ಲಿ ಲಾರ್ಡ್ ರಾಸ್ ತಾವೇ ಮುಂದೆ ನಿಂತು ಎರಕ ಹೊಯ್ಯಿಸಿದ ಆರಡಿ ಅಗಲದ ಲೋಹದ ಕನ್ನಡಿಯನ್ನು ಇದೇ ಮಚ್ಚೆಯತ್ತ ತಿರುಗಿಸಿದರು. ಆಕಾಶದಲ್ಲಿ ಸುರುಳಿಯಾಕಾರ ಮನುಷ್ಯನ ಕಣ್ಣಿಗೆ ಬಿದ್ದದ್ದು ಆಗಲೇ ಮೊದಲು. ಇಂಥ ಮಸುಕು ವಸ್ತುವಿನ ಫೋಟೋ ತೆಗೆಯುವ ವಿದ್ಯೆ ಇನ್ನೂ ಬಂದಿರಲಿಲ್ಲ. ಹಾಗಾಗಿ ಕಂಡದ್ದನ್ನು ಕೈಯಲ್ಲೇ ಬಿಡಿಸಿದರು. ಅದೇ ವರ್ಷ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಕ್ಷಾಮ ಬಂತು. ರಾಸ್ ಆಕಾಶ ಬಿಟ್ಟು ಪರಿಹಾರದ ಕೆಲಸಕ್ಕೆ ಇಳಿದರು. ಚಿತ್ರ ಮಾತ್ರ ಉಳಿಯಿತು, ಅದರ ಜೊತೆಗೆ ಒಂದು ಪ್ರಶ್ನೆಯೂ.

ಆ ಪ್ರಶ್ನೆ ಎಷ್ಟು ಕಾಡಿತೆಂದರೆ, 1928ರಲ್ಲಿ ಬ್ರಿಟನ್ನಿನ ಹೆಸರಾಂತ ಖಗೋಳಶಾಸ್ತ್ರಜ್ಞ ಜೇಮ್ಸ್ ಜೀನ್ಸ್ ಅವರು, ಸುರುಳಿಗಳ ಹಿಂದೆ ನಮಗೆ ಗೊತ್ತೇ ಇಲ್ಲದ ಯಾವುದೋ ಬಲ ಇರಬಹುದೆಂದು ಬರೆದರು. ಇವುಗಳ ಕೇಂದ್ರದಲ್ಲಿ ಬೇರಾವುದೋ ಆಯಾಮದಿಂದ ದ್ರವ್ಯ ಒಳಗೆ ಸುರಿಯುತ್ತಿರಬಹುದೆಂಬ ಊಹೆಯವರೆಗೂ ಹೋದರು. ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಗುರುತ್ವ, ತಿರುಗಾಟ, ಒಂದಿಷ್ಟು ಅನಿಲ, ಇಷ್ಟು ಸಾಕು. ಆದರೆ ಈ ಮೂರನ್ನೇ ಸರಿಯಾಗಿ ಜೋಡಿಸಲು ಇನ್ನೂ ಐವತ್ತು ವರ್ಷ ಹಿಡಿಯಿತು. ಜೋಡಣೆಯ ಕೆಲವು ಸಂದುಗಳ ಬಗ್ಗೆ ಜಗಳ ಇವತ್ತಿಗೂ ಇದೆ.

ತೊಡಕು ಎಲ್ಲಿದೆ ಎಂಬುದನ್ನು ಅಡುಗೆಮನೆಯಲ್ಲೇ ನೋಡಬಹುದು. ಲೋಟಕ್ಕೆ ಡಿಕಾಕ್ಷನ್ ಹಾಕಿ, ಚಮಚದಿಂದ ನಾಲ್ಕು ಸುತ್ತು ತಿರುಗಿಸಿ, ಚಮಚ ತೆಗೆದುಬಿಡಿ. ಸುಳಿ ಸುತ್ತುತ್ತಿರುವಾಗಲೇ ಅಂಚಿನಿಂದ ನಡುವಿನತ್ತ ಹಾಲಿನ ಒಂದೇ ಒಂದು ಎಳೆ ಬಿಡಿ. ಮೊದಲ ಕ್ಷಣ ಅದು ಬಿಳಿ ಬಾಲ. ಮರುಕ್ಷಣ ಸೊಗಸಾದ ಸುರುಳಿ; ಯಾವ ಗೆಲಾಕ್ಸಿಯ ಫೋಟೋಕ್ಕೂ ಕಡಿಮೆಯಿಲ್ಲ. ಅಲ್ಲಿಗೇ ನಿಲ್ಲುವುದಿಲ್ಲ. ಎಳೆ ಸಣ್ಣದಾಗುತ್ತಾ, ಸುತ್ತುಗಳು ಒಂದರ ಪಕ್ಕ ಒಂದು ಒತ್ತಿಕೊಳ್ಳುತ್ತಾ ಹೋಗಿ, ಐದಾರು ಸೆಕೆಂಡಿನಲ್ಲಿ ಲೋಟದ ತುಂಬ ಒಂದೇ ಬಣ್ಣದ ಕಾಫಿ. ಒಳಗಿನದು ಬೇಗ ಸುತ್ತು ಮುಗಿಸುತ್ತದೆ, ಹೊರಗಿನದು ತಡವಾಗಿ ಮುಗಿಸುತ್ತದೆ. ಆದ್ದರಿಂದ ಸುರುಳಿ ಮಾಡುವ ಕೈಯೇ ಸುರುಳಿಯನ್ನು ಅಳಿಸಿಯೂ ಹಾಕುತ್ತದೆ.

ಗೆಲಾಕ್ಸಿಯಲ್ಲೂ ಹೀಗೇ. ನಮ್ಮ ಆಕಾಶಗಂಗೆಯಲ್ಲಿ ಸೂರ್ಯ ಕೇಂದ್ರದಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದ್ದಾನೆ. ಸೆಕೆಂಡಿಗೆ ಹೆಚ್ಚುಕಡಿಮೆ 220ರಿಂದ 230 ಕಿಲೋಮೀಟರ್ ವೇಗದಲ್ಲಿ ಓಡುತ್ತಾ, ಒಂದು ಸುತ್ತಿಗೆ ಸುಮಾರು 22.5 ಕೋಟಿ ವರ್ಷ ತೆಗೆದುಕೊಳ್ಳುತ್ತಾನೆ. ಗೆಲಾಕ್ಸಿಯ ಚಪ್ಪಟೆ ತಟ್ಟೆಯ ಬಹುಭಾಗದಲ್ಲಿ ನಕ್ಷತ್ರಗಳ ವೇಗ ಹೆಚ್ಚುಕಡಿಮೆ ಇಷ್ಟೇ. ವೇಗ ಒಂದೇ, ಹಾದಿ ಮಾತ್ರ ಬೇರೆ: 13,000 ಜ್ಯೋತಿರ್ವರ್ಷ ದೂರದಲ್ಲಿರುವ ನಕ್ಷತ್ರದ ಹಾದಿ ಅರ್ಧ, ಹಾಗಾಗಿ ಸೂರ್ಯ ಒಂದು ಸುತ್ತು ಹಾಕುವಷ್ಟರಲ್ಲಿ ಅದು ಎರಡು ಹಾಕುತ್ತದೆ. ಗೆಲಾಕ್ಸಿಯ ವಯಸ್ಸು 1000 ಕೋಟಿ ವರ್ಷ ಎಂದಿಟ್ಟುಕೊಳ್ಳಿ. ಸೂರ್ಯನ ದೂರದಲ್ಲಿರುವ ನಕ್ಷತ್ರ 44 ಸುತ್ತು ಮುಗಿಸಿದಾಗ ಒಳಗಿನದು 88 ಮುಗಿಸಿರುತ್ತದೆ. ಅಂದರೆ ಆ 13,000 ಜ್ಯೋತಿರ್ವರ್ಷದ ಅಗಲದೊಳಗೆ ಸುರುಳಿಯ ತೋಳು 44 ಸಲ ಸುತ್ತಿಕೊಂಡಿರಬೇಕು. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಉಳಿಯುವ ಜಾಗ 300 ಜ್ಯೋತಿರ್ವರ್ಷ. ನಿಜವಾದ ಗೆಲಾಕ್ಸಿಗಳ ತೋಳುಗಳು ಒಂದೆರಡು ಸುತ್ತಿಗಿಂತ ಹೆಚ್ಚು ಬಿಗಿದಿರುವುದಿಲ್ಲ, ನಡುವಿನ ಅಂತರ ಸಾವಿರಾರು ಜ್ಯೋತಿರ್ವರ್ಷ. ತೋಳು ಎಂಬುದು ಒಂದೇ ಗುಂಪಿನ ನಕ್ಷತ್ರಗಳ ಸಾಲಾಗಿದ್ದರೆ ಅದು ಎಂದೋ ಕಾಫಿಯಾಗಿ ಹೋಗಿರಬೇಕಿತ್ತು.

ಹಾಗಾದರೆ ತೋಳಿನಲ್ಲಿ ಇರುವುದೇನು?

ಇಲ್ಲಿ ಫೋಟೋಗಳು ನಮ್ಮನ್ನು ಸ್ವಲ್ಪ ಮೋಸ ಮಾಡುತ್ತವೆ. ತೋಳುಗಳ ನಡುವಿನ ಕಪ್ಪು ಜಾಗ ಖಾಲಿ ಎಂದು ಕಣ್ಣು ನಂಬುತ್ತದೆ. ಜಾತ್ರೆಯ ರಾತ್ರಿ ಬೆಟ್ಟದ ಮೇಲಿಂದ ಊರು ನೋಡಿದರೆ ತೇರುಬೀದಿಯೊಂದೇ ಹೊಳೆಯುತ್ತದೆ. ಪಕ್ಕದ ಬೀದಿಗಳಲ್ಲಿ ಜನ ಇಲ್ಲವೆಂದಲ್ಲ, ಅಲ್ಲಿ ಸೀರಿಯಲ್ ಸೆಟ್ ಕಟ್ಟಿಲ್ಲ, ಅಷ್ಟೇ. ಗೆಲಾಕ್ಸಿಯ ಸೀರಿಯಲ್ ಸೆಟ್ ಎಂದರೆ ಸೂರ್ಯನಿಗಿಂತ ಹತ್ತಾರು ಪಟ್ಟು ತೂಕದ, ನೀಲಿ ಬಿಸಿಯ, ಅಲ್ಪಾಯುಷಿ ನಕ್ಷತ್ರಗಳು. ಅವು ಬೆರಳೆಣಿಕೆಯಷ್ಟೇ ಇದ್ದರೂ ಬೆಳಕೆಲ್ಲ ಅವುಗಳದೇ. ಸೂರ್ಯನಂಥ, ಅದಕ್ಕೂ ಚಿಕ್ಕ ಹಳೆಯ ನಕ್ಷತ್ರಗಳು ತೋಳಿನಲ್ಲೂ ಇವೆ, ನಡುವೆಯೂ ಇವೆ. ತೋಳಿನಲ್ಲಿ ಒಂದಿಷ್ಟು ದಟ್ಟವಾಗಿ ಇವೆ. ಅವಕೆಂಪು ಕಿರಣದಲ್ಲಿ ತೆಗೆದ ಚಿತ್ರದಲ್ಲಿ ಹಳೆಯ ನಕ್ಷತ್ರಗಳು ಕಾಣುವುದರಿಂದ ತೋಳು ಅಗಲವಾಗಿ, ನಯವಾಗಿ, ಮಬ್ಬಾಗಿ ಮೂಡುತ್ತದೆ. ಅದೇ ಗೆಲಾಕ್ಸಿಯನ್ನು ಅತಿನೇರಳೆಯಲ್ಲಿ ನೋಡಿದರೆ ಎಳೆಯ ನಕ್ಷತ್ರಗಳು ಮಾತ್ರ ಉಳಿದು ತೋಳು ಮಣಿ ಪೋಣಿಸಿದ ದಾರದಂತೆ ಕಾಣುತ್ತದೆ. 2015ರ ಸೆಪ್ಟೆಂಬರಿನಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಇಂಥ ಚಿತ್ರ ತೆಗೆಯಲೆಂದೇ ಒಂದು ದೂರದರ್ಶಕವಿದೆ. ಅದನ್ನು ಕಟ್ಟುವ ಕೆಲಸದ ಮುಂದಾಳತ್ವ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು.

ಎರಡೂ ಚಿತ್ರ ಪಕ್ಕಪಕ್ಕ ಇಟ್ಟುಕೊಂಡರೆ ಪ್ರಶ್ನೆ ಎರಡಾಗಿ ಸೀಳುತ್ತದೆ. ಹಳೆಯ ನಕ್ಷತ್ರಗಳು ಸ್ವಲ್ಪ ದಟ್ಟವಾಗುವುದೇಕೆ? ಆ ಸ್ವಲ್ಪ ದಟ್ಟಣೆಯಿಂದ ಇಷ್ಟೊಂದು ಹೊಸ ನಕ್ಷತ್ರ ಹುಟ್ಟುವುದೇಕೆ?

ಮೊದಲನೆಯದಕ್ಕೆ ಉತ್ತರದ ತುದಿ ಹಿಡಿದವರು ಸ್ವೀಡನ್ನಿನ ಬರ್ಟಿಲ್ ಲಿಂಡ್‌ಬ್ಲಾಡ್. 1920ರ ದಶಕದಿಂದಲೇ ಅವರು ನಕ್ಷತ್ರದ ಹಾದಿಯನ್ನು ಕೆದಕುತ್ತಾ ಬಂದಿದ್ದರು. ನಕ್ಷತ್ರ ಗಾಣದ ಎತ್ತಿನಂತೆ ಅಚ್ಚುಕಟ್ಟಾದ ವೃತ್ತದಲ್ಲಿ ಸುತ್ತುವುದಿಲ್ಲ. ಸುತ್ತುತ್ತಲೇ ಸ್ವಲ್ಪ ಒಳಕ್ಕೆ, ಸ್ವಲ್ಪ ಹೊರಕ್ಕೆ ತೂಗುತ್ತದೆ. ಸೂರ್ಯನ ನೆರೆಯಲ್ಲಿ ಒಂದು ತೂಗಿಗೆ 17 ಕೋಟಿ ವರ್ಷ ಬೇಕು, ಒಂದು ಸುತ್ತಿಗೆ 22.5 ಕೋಟಿ. ಲೆಕ್ಕ ಸರಿಹೊಂದದ ಕಾರಣ ಹಾದಿ ಎಂದೂ ಹೊರಟ ಜಾಗಕ್ಕೆ ಬಂದು ಕೂಡಿಕೊಳ್ಳುವುದಿಲ್ಲ. ಆದರೆ ತಾನೂ ನಿಧಾನಕ್ಕೆ ತಿರುಗುವ ಕಟ್ಟೆಯ ಮೇಲೆ ನಿಂತು ನೋಡುವವನಿಗೆ ಅದೇ ಹಾದಿ ಮುಚ್ಚಿದ ಅಂಡಾಕಾರವಾಗಿ ಕಾಣುತ್ತದೆ. ನಕ್ಷತ್ರ ಅಂಡದ ಗೆರೆಯ ಮೇಲೆ ಬೇಗ ಓಡುತ್ತದೆ. ಅಂಡ ಮಾತ್ರ ಸಾವಕಾಶವಾಗಿ ಹೊರಳುತ್ತದೆ.

ಇದನ್ನು ಒಂದು ಹಾಳೆಯ ಮೇಲೆ ಮಾಡಿ ನೋಡಿ, ಹತ್ತು ನಿಮಿಷದ ಕೆಲಸ. ನಡುವೆ ಒಂದು ಚಿಕ್ಕ ಅಂಡ ಬರೆಯಿರಿ. ಅದರ ಸುತ್ತ ಸ್ವಲ್ಪ ದೊಡ್ಡದು, ಆದರೆ ಹತ್ತು ಡಿಗ್ರಿಯಷ್ಟು ಓರೆಯಾಗಿ. ಅದರ ಹೊರಗೆ ಇನ್ನೊಂದು, ಇನ್ನೂ ಹತ್ತು ಡಿಗ್ರಿ ಓರೆ. ಹೀಗೆ ಹದಿನೈದು ಅಂಡ ಬರೆಯುವಷ್ಟರಲ್ಲಿ ನೀವು ಬರೆಯದೇ ಇದ್ದ ಏನೋ ಒಂದು ಹಾಳೆಯ ಮೇಲೆ ಎದ್ದುಬಂದಿರುತ್ತದೆ: ಗೆರೆಗಳು ಒತ್ತೊತ್ತಾಗಿ ಬಿದ್ದ ಕಡೆ, ಎದುರುಬದುರಾಗಿ ಎರಡು ಸುರುಳಿ ತೋಳು. ನಾನು ಮೊದಲು ಮಾಡಿದಾಗ ಪೆನ್ಸಿಲಿಟ್ಟು ಸ್ವಲ್ಪ ಹೊತ್ತು ನೋಡುತ್ತಾ ಕೂತೆ. ಆ ತೋಳು ಯಾವ ಗೆರೆಗೂ ಸೇರಿದ್ದಲ್ಲ. ಪ್ರತಿ ಗೆರೆಯೂ ಅದರೊಳಗೆ ಎರಡು ಸಲ ಹಾದು ಹೊರಬಿದ್ದಿದೆ.

ಇದರಿಂದ ಬಿಗಿಯುವ ತೊಂದರೆ ಹೋಗುವುದಿಲ್ಲ, ತಗ್ಗುತ್ತದೆ. ಒಳಗಿನ ಅಂಡ ಹೊರಗಿನದಕ್ಕಿಂತ ಬೇಗ ಹೊರಳುವುದು ಇದ್ದೇ ಇದೆ. ಆದರೆ ಲೆಕ್ಕ ಹಾಕಿದರೆ ಈ ಸುರುಳಿ ಬಿಗಿಯುವ ವೇಗ, ಕಾಫಿಯ ಲೆಕ್ಕದ ಮೂರರಲ್ಲಿ ಒಂದು ಭಾಗಕ್ಕೂ ಕಡಿಮೆ. ಉಳಿದದ್ದನ್ನು ಗುರುತ್ವ ನೋಡಿಕೊಳ್ಳಬೇಕು. ದಟ್ಟವಾದ ಕಡೆ ಸೆಳೆತವೂ ಹೆಚ್ಚು. ಆ ಸೆಳೆತ ಪಕ್ಕದ ಅಂಡಗಳನ್ನು ಹಿಡಿದು ಒಂದೇ ಗತಿಯಲ್ಲಿ ಹೊರಳಿಸಬಲ್ಲದೇ?

ಹೊರಳಿಸಬಲ್ಲದು ಎಂದವರು ಅಮೆರಿಕದ ಎಂಐಟಿಯಲ್ಲಿ ಗಣಿತ ಹೇಳುತ್ತಿದ್ದ ಸಿ. ಸಿ. ಲಿನ್, ಮತ್ತು ಆಗಷ್ಟೇ ಪದವಿ ಮುಗಿಸಿದ್ದ ಅವರ ಶಿಷ್ಯ ಫ್ರಾಂಕ್ ಶು. 1964ರಲ್ಲಿ ಅವರು ಮುಂದಿಟ್ಟದ್ದೇ ಸಾಂದ್ರತಾ ತರಂಗದ ವಾದ. ಶಿರಾಡಿ ಘಾಟಿಯಲ್ಲಿ ಬಸ್ಸಿನಲ್ಲಿ ಕೂತು ಬೇಸತ್ತವರಿಗೆ ಇದು ಬೇಗ ಹೊಳೆಯುತ್ತದೆ. ಗುಂಡ್ಯ ದಾಟಿದ ಮೇಲೆ ಭಾರ ಹೇರಿದ ಲಾರಿಯೊಂದು ಏದುಸಿರು ಬಿಡುತ್ತಾ ಹತ್ತುತ್ತಿರುತ್ತದೆ. ಹಿಂದಿನಿಂದ ಬಂದ ಕಾರುಗಳು ಅದರ ಬೆನ್ನಿಗೆ ಬಂದು ಒತ್ತುತ್ತವೆ, ಸಂದು ಸಿಕ್ಕಿದಾಗ ಒಂದೊಂದೇ ಮುಂದೆ ಹೋಗುತ್ತವೆ, ಹಿಂದಿನಿಂದ ಹೊಸವು ಬಂದು ಸೇರುತ್ತವೆ. ಅರ್ಧ ಗಂಟೆ ಬಿಟ್ಟು ನೋಡಿದರೂ ಲಾರಿಯ ಹಿಂದೆ ಗುಂಪು ಹಾಗೆಯೇ ಇದೆ, ಆದರೆ ಅದರಲ್ಲಿ ಮೊದಲಿನ ಕಾರು ಒಂದೂ ಇಲ್ಲ. ತೋಳು ಎಂದರೆ ಆ ಗುಂಪು. ನಕ್ಷತ್ರ ಹಿಂದಿನಿಂದ ಬಂದು ಸೇರುತ್ತದೆ, ಸ್ವಲ್ಪ ಕಾಲ ಅದರಲ್ಲಿ ತಡೆಯುತ್ತದೆ, ಮುಂದೆ ಹೋಗುತ್ತದೆ.

ಈ ಹೋಲಿಕೆಯನ್ನು ಎಲ್ಲರೂ ಕೊಡುತ್ತಾರೆ, ಅಲ್ಲಿಗೇ ಬಿಡುತ್ತಾರೆ. ಆದರೆ ಗೆಲಾಕ್ಸಿಯಲ್ಲಿ ಲಾರಿ ಎಲ್ಲಿದೆ? ಎಲ್ಲೂ ಇಲ್ಲ. ಗುಂಪೇ ಲಾರಿ. ಸೇರಿದ ನಕ್ಷತ್ರಗಳ ಒಟ್ಟು ಸೆಳೆತವೇ ಹೊಸದಾಗಿ ಬಂದವನ್ನು ತಡೆದು ನಿಲ್ಲಿಸುವುದು. ಲಾರಿಯಿಲ್ಲದೆ ಟ್ರಾಫಿಕ್ ಜಾಮ್ ತನ್ನನ್ನು ತಾನೇ ನೂರಾರು ಕೋಟಿ ವರ್ಷ ಕಾಯ್ದುಕೊಂಡು ಬರಬಲ್ಲದೇ ಎಂಬುದೇ ಮುಂದಿನ ಜಗಳದ ಮೂಲ.

ಅದಕ್ಕೆ ಮೊದಲು ಎರಡನೆಯ ಪ್ರಶ್ನೆ. ನಕ್ಷತ್ರಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ, ಅವುಗಳ ನಡುವೆ ಜಾಗ ಅಷ್ಟಿದೆ. ಅನಿಲದ ಕತೆ ಬೇರೆ. ತಟ್ಟೆಯ ತಣ್ಣನೆಯ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ ಹತ್ತು ಕಿಲೋಮೀಟರಿನ ಆಸುಪಾಸು. ಅದು ತೋಳಿನೊಳಗೆ ನುಗ್ಗುವ ವೇಗ ಅದಕ್ಕಿಂತ ಹಲವು ಪಟ್ಟು. ಶಬ್ದವನ್ನು ಮೀರಿ ಬಂದ ಅನಿಲ ಒಮ್ಮೆಲೇ ತಡೆದು ನಿಂತಾಗ ಆಘಾತ ತರಂಗ ಏಳುತ್ತದೆ, ಅನಿಲ ಹಿಂಡಿಹೋಗುತ್ತದೆ. ಹಳೆಯ ನಕ್ಷತ್ರಗಳ ದಟ್ಟಣೆ ಒಂದಿಷ್ಟೇ ಏರಿದ್ದರೂ ಅನಿಲದ ದಟ್ಟಣೆ ಹಲವು ಪಟ್ಟು ಏರುತ್ತದೆ. 1969ರಲ್ಲಿ ವಿಲಿಯಂ ರಾಬರ್ಟ್ಸ್ ಈ ಲೆಕ್ಕವನ್ನು ಬಿಡಿಸಿ ತೋರಿಸಿದರು. ಹಿಂಡಿದ ಅನಿಲದ ಜೊತೆ ಧೂಳೂ ಕೂಡಿ ಕಪ್ಪು ಗೆರೆಯಾಗುತ್ತದೆ. ಅದರಲ್ಲಿ ಮೋಡಗಳು ಕುಸಿದು ನಕ್ಷತ್ರ ಹುಟ್ಟುತ್ತವೆ. ಅವುಗಳ ಅತಿನೇರಳೆ ಬೆಳಕಿಗೆ ಸುತ್ತಲ ಹೈಡ್ರೋಜನ್ ಗುಲಾಬಿ ಬಣ್ಣಕ್ಕೆ ಹೊಳೆಯುತ್ತದೆ.

ಹಾಗಾಗಿ ಹಬಲ್ ದೂರದರ್ಶಕ ತೆಗೆದ ಎಂ51ರ ಚಿತ್ರ ಕೈಗೆ ಸಿಕ್ಕರೆ ಹೀಗೆ ಓದಿ. ತೋಳಿನ ಒಳಬದಿಯಲ್ಲಿ, ಅಂದರೆ ಕೇಂದ್ರದ ಕಡೆಯ ಅಂಚಿನಲ್ಲಿ, ಕಾಡಿಗೆ ಎಳೆದಂಥ ಕಪ್ಪು ಗೆರೆ: ಅನಿಲ ಹಿಂದಿನಿಂದ ಬಂದು ಹಿಂಡಿಕೊಂಡ ಜಾಗ. ಅದಕ್ಕೆ ಅಂಟಿಕೊಂಡು ಗುಲಾಬಿ ಚುಕ್ಕೆಗಳು: ಹೆರಿಗೆ ಮನೆ. ಆಚೆಗೆ ನೀಲಿ ನಕ್ಷತ್ರಗಳ ಗೊಂಚಲು. ನೀಲಿ ದೈತ್ಯರ ಆಯುಸ್ಸು ಕೆಲವು ದಶಲಕ್ಷ ವರ್ಷ ಮಾತ್ರ. ಹುಟ್ಟಿದ ತೋಳಿನಿಂದ ದೂರ ಹೋಗುವಷ್ಟರಲ್ಲಿ ಸತ್ತೇಹೋಗುತ್ತವೆ. ತೋಳು ಹೊಳೆಯುವುದು, ನಡುವಿನ ಜಾಗ ಕಪ್ಪಾಗಿರುವುದು ಈ ಅಕಾಲಮರಣದಿಂದ. ಎಲ್ಲ ಗೆಲಾಕ್ಸಿಗಳಲ್ಲೂ ಈ ಸಾಲು ಇಷ್ಟು ಅಚ್ಚುಕಟ್ಟಾಗಿ ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. ಒಂದೇ ಗತಿಯಲ್ಲಿ ತಿರುಗುವ ತರಂಗವಿದ್ದರೆ ಅನಿಲಕ್ಕೂ ಎಳೆಯ ನಕ್ಷತ್ರಗಳಿಗೂ ನಡುವೆ ಕ್ರಮವಾದ ಅಂತರ ಕಾಣಬೇಕು. ಅಳೆದು ನೋಡಿದ ಹಲವು ಗೆಲಾಕ್ಸಿಗಳಲ್ಲಿ ಆ ಅಂತರ ಸ್ಪಷ್ಟವಾಗಿ ಸಿಕ್ಕಿಲ್ಲ.

ಚಿತ್ರದಿಂದ ಇನ್ನೊಂದನ್ನೂ ತಿಳಿಯಬಹುದು: ಗೆಲಾಕ್ಸಿ ಯಾವ ಕಡೆಗೆ ತಿರುಗುತ್ತಿದೆ ಎಂದು. ಗಿರಗಿರನೆ ಸುತ್ತುವ ಹುಡುಗಿಯ ದಾವಣಿಯ ಸೆರಗು ಹಿಂದೆ ಬೀಳುವಂತೆ ತೋಳಿನ ಹೊರತುದಿ ತಿರುಗಾಟಕ್ಕೆ ಹಿಂದೆ ಬೀಳುತ್ತದೆ. ಇದು ಸುಮ್ಮನೆ ಬಂದ ಅಭ್ಯಾಸವಲ್ಲ. ಹಾಗೆ ಹಿಂದೆ ಬಿದ್ದ ತೋಳು ಒಳಗಿನ ದ್ರವ್ಯವನ್ನು ಹಿಂದಕ್ಕೆ ಎಳೆಯುತ್ತದೆ, ಹೊರಗಿನದನ್ನು ಮುಂದಕ್ಕೆ ಸೆಳೆಯುತ್ತದೆ. ತಿರುಗಾಟದ ಬಲ ಒಳಗಿನಿಂದ ಹೊರಕ್ಕೆ ಸಾಗುತ್ತದೆ, ದ್ರವ್ಯ ಕೇಂದ್ರದತ್ತ ಇಳಿಯುತ್ತದೆ. ಡೊನಾಲ್ಡ್ ಲಿಂಡೆನ್-ಬೆಲ್ ಮತ್ತು ಅಗ್ರಿಸ್ ಕಲ್ನಾಯ್ಸ್ 1972ರಲ್ಲಿ ಇದನ್ನು ತೋರಿಸಿದರು. ಗೆಲಾಕ್ಸಿಗೆ ತನ್ನ ತಟ್ಟೆಯನ್ನು ಇನ್ನಷ್ಟು ಒಳಕ್ಕೆ ಕುಗ್ಗಿಸಿಕೊಳ್ಳುವ ದಾರಿಯೇ ತೋಳು ಎನ್ನಬಹುದು. ತುದಿ ಮುಂದೆ ಚಾಚಿಕೊಂಡ ತೋಳುಗಳು ಅಪರೂಪಕ್ಕೆ ಸಿಗುತ್ತವೆ. ಎನ್‌ಜಿಸಿ 4622 ಎಂಬುದು ಅದಕ್ಕೇ ಹೆಸರುವಾಸಿ.

ಈಗ ಜಗಳಕ್ಕೆ ಬರೋಣ. ಲಿನ್ ಅವರ ತರಂಗ ಸ್ಥಿರವಾದದ್ದು: ಆಕಾರ ಕೆಡದೆ, ಬಹುಕಾಲ, ಒಂದೇ ಗತಿಯಲ್ಲಿ. ಅದೇ ಎಂಐಟಿಯ ಗಣಿತ ವಿಭಾಗದಲ್ಲಿ ಎಸ್ಟೋನಿಯಾದಲ್ಲಿ ಹುಟ್ಟಿದ ಆಲಾರ್ ಟೂಮ್ರೆ ಎಂಬ ತರುಣ ಅಧ್ಯಾಪಕರಿದ್ದರು. 1969ರಲ್ಲಿ ಅವರು ಒಂದು ಸರಳ ಪ್ರಶ್ನೆ ಕೇಳಿದರು: ತರಂಗ ಎಂದ ಮೇಲೆ ಅದರ ಶಕ್ತಿ ಎಲ್ಲಿಗಾದರೂ ಸಾಗಬೇಕಲ್ಲ, ಎಲ್ಲಿಗೆ? ಲೆಕ್ಕ ಹಾಕಿದರೆ, ಲಿನ್ ಮತ್ತು ಶು ಅವರ ತರಂಗ ಒಳಕ್ಕೆ ಸರಿದು, ಗೆಲಾಕ್ಸಿ ಕೆಲವೇ ಸುತ್ತು ತಿರುಗುವಷ್ಟರಲ್ಲಿ ನಡುವಿನ ಹತ್ತಿರ ಹೀರಿಹೋಗುತ್ತದೆ ಎಂದು ಬಂತು. ಬಿಗಿಯುವ ಕಾಟ ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂದಂತಾಯಿತು. ಕೆರೆಗೆ ಕಲ್ಲು ಹಾಕಿದಾಗ ಎದ್ದ ಅಲೆ ದಡಕ್ಕೆ ಹೋಗಿ ಸಾಯುತ್ತದೆ. ಅಲೆ ಸದಾ ಇರಬೇಕಾದರೆ ಯಾರಾದರೂ ಕಲ್ಲು ಹಾಕುತ್ತಲೇ ಇರಬೇಕು. ಲಿನ್ ಕಡೆಯವರು, ತರಂಗ ಒಳಗಿನಿಂದ ಹಿಂದಿರುಗಿ ಬಂದು ಮತ್ತೆ ಬಲಗೊಳ್ಳಬಹುದೆಂದು ವಾದಿಸಿ ತಮ್ಮ ತರಂಗವನ್ನು ಉಳಿಸಿಕೊಂಡರು. ಒಂದೇ ವಿಭಾಗದ ಕಾರಿಡಾರಿನ ಈ ವಾದ ಎರಡು ಪಂಥಗಳಾಗಿ ದಶಕಗಟ್ಟಲೆ ನಡೆಯಿತು.

ಟೂಮ್ರೆ ಆಕ್ಷೇಪಿಸಿ ಸುಮ್ಮನಾಗಲಿಲ್ಲ. ತಮ್ಮದೇ ಇನ್ನೊಂದು ದಾರಿ ತೋರಿದರು. ತಟ್ಟೆಯಲ್ಲಿ ಎಲ್ಲೋ ಒಂದಿಷ್ಟು ದಟ್ಟಣೆ ಆಗಿದೆ, ಅದರ ತುದಿ ಮುಂದಕ್ಕೆ ವಾಲಿದೆ ಎಂದುಕೊಳ್ಳಿ. ಒಳಗಿನದು ಬೇಗ, ಹೊರಗಿನದು ತಡ. ಹಾಗಾಗಿ ಅದು ಗಡಿಯಾರದ ಮುಳ್ಳಿನಂತೆ ಹೊರಳಿ ಹಿಂದೆ ಬಿದ್ದ ತೋಳಾಗುತ್ತದೆ. ಇಲ್ಲಿ ಒಂದು ಸೋಜಿಗವಿದೆ. ನಕ್ಷತ್ರಗಳ ಆ ಒಳ–ಹೊರಗಿನ ತೂಗಾಟವೂ ಇದೇ ದಿಕ್ಕಿನಲ್ಲಿ, ಹೆಚ್ಚುಕಡಿಮೆ ಇದೇ ವೇಗದಲ್ಲಿ ಸುತ್ತುತ್ತದೆ. ಹೊರಳುವ ದಟ್ಟಣೆಯ ಜೊತೆಗೇ ನಕ್ಷತ್ರವೂ ಹೊರಳುವುದರಿಂದ ಅದು ಬಹಳ ಹೊತ್ತು ಅದರ ಹಿಡಿತದಲ್ಲಿ ಸಿಕ್ಕಿಬೀಳುತ್ತದೆ. ಅಷ್ಟರಲ್ಲಿ ಗುರುತ್ವ ಇನ್ನಷ್ಟನ್ನು ಸೆಳೆದುಕೊಳ್ಳುತ್ತದೆ. ಜೋಕಾಲಿ ಹಿಂದಕ್ಕೆ ಬಂದ ಸರಿಯಾದ ಗಳಿಗೆಯಲ್ಲಿ ಒಂದು ಕೈ ತಳ್ಳಿದರೆ ಆಗುವ ಹಾಗೆ. ಸಣ್ಣ ದಟ್ಟಣೆ ಹತ್ತಾರು ಪಟ್ಟು ಬೆಳೆದು ಘನವಾದ ತೋಳಾಗುತ್ತದೆ. ಆಮೇಲೆ? ಬಿಗಿದು ಕರಗುತ್ತದೆ, ಕಾಫಿಯ ಹಾಗೆಯೇ. ಅಷ್ಟರಲ್ಲಿ ಬೇರೆಡೆ ಇನ್ನೊಂದು ಎದ್ದಿರುತ್ತದೆ. ಒಲೆಯಲ್ಲಿ ಬೆಂಕಿ ಗಂಟೆಗಟ್ಟಲೆ ಉರಿಯುತ್ತದೆ, ಅದರ ಒಂದೊಂದು ನಾಲಿಗೆಯ ಆಯುಸ್ಸು ಕ್ಷಣದ್ದು. ತೋಳುಗಳೂ ಹೀಗೆಯೇ ಎಂಬುದು ಈ ಪಂಥದ ಮಾತು. ನನ್ನ ಒಲವೂ ಈ ಕಡೆಗೇ. ಕಂಪ್ಯೂಟರಿನಲ್ಲಿ ಕೋಟ್ಯಂತರ ಕಣಗಳ ಗೆಲಾಕ್ಸಿ ಕಟ್ಟಿ ತಿರುಗಿಸಿದವರಿಗೆಲ್ಲ ಹೆಚ್ಚಾಗಿ ಕಂಡದ್ದು ಒಡೆಯುವ, ಕೂಡುವ, ಮತ್ತೆ ಏಳುವ ತೋಳುಗಳೇ. ಅಲುಗದೆ ನಿಂತ ಒಂದೇ ಸುರುಳಿ ಅಲ್ಲ.

ಆದರೆ ಈ ಒಲೆಗೆ ಸೌದೆ ಬೇಕು. ಎಷ್ಟು ಬೇಕೆಂಬುದು ಟೂಮ್ರೆ 1964ರಲ್ಲಿ ಕೊಟ್ಟ ಒಂದು ಸೂತ್ರದಲ್ಲಿದೆ. ನಕ್ಷತ್ರಗಳು ತೀರಾ ಶಿಸ್ತಿನಿಂದ ಸುತ್ತುತ್ತಿದ್ದರೆ ಗುರುತ್ವ ಗೆದ್ದು ತಟ್ಟೆ ಚೂರುಚೂರಾಗಿ ಗಂಟು ಕಟ್ಟುತ್ತದೆ. ತೀರಾ ಅಡ್ಡಾದಿಡ್ಡಿ ಓಡುತ್ತಿದ್ದರೆ ಯಾವ ದಟ್ಟಣೆಯೂ ನಿಲ್ಲುವುದಿಲ್ಲ. ನಡುವಿನ ಹದದಲ್ಲಿ ಮಾತ್ರ ತೋಳು. ಕಷ್ಟವೆಂದರೆ ಪ್ರತಿ ತೋಳೂ ಹಾದುಹೋಗುವ ನಕ್ಷತ್ರಗಳನ್ನು ಒಂದಿಷ್ಟು ಅಲುಗಾಡಿಸುತ್ತದೆ, ಹದ ಕೆಡಿಸುತ್ತದೆ. ಜೆರಿ ಸೆಲ್‌ವುಡ್ ಮತ್ತು ರೇಮಂಡ್ ಕಾರ್ಲ್‌ಬರ್ಗ್ 1984ರಲ್ಲಿ ನಕ್ಷತ್ರಗಳಷ್ಟೇ ಇರುವ ತಟ್ಟೆಯನ್ನು ಕಂಪ್ಯೂಟರಿನಲ್ಲಿ ತಿರುಗಿಸಿದಾಗ ಹತ್ತು ಸುತ್ತಿನ ಆಸುಪಾಸಿನಲ್ಲಿ ತೋಳುಗಳು ಮಾಸಿಹೋದವು. ಶಿಸ್ತಿನ ಹೊಸ ಕಣಗಳನ್ನು ಆಗಾಗ ಸೇರಿಸುತ್ತಾ ಬಂದಾಗ ತೋಳುಗಳು ಉಳಿದವು. ಕಣಗಳ ಸಂಖ್ಯೆ ಬಹಳ ಹೆಚ್ಚಿಸಿದ ಮುಂದಿನ ಲೆಕ್ಕಗಳಲ್ಲಿ ಈ ಮಾಸುವಿಕೆ ಇನ್ನೂ ನಿಧಾನ ಎಂದು ಕಂಡಿತು, ಆದರೆ ಅನಿಲದ ಪಾತ್ರ ಹಾಗೇ ಉಳಿಯಿತು. ಅನಿಲ ತಾನು ತಣ್ಣಗಾಗಬಲ್ಲದು. ಅದರಿಂದ ಹುಟ್ಟುವ ನಕ್ಷತ್ರಗಳು ಶಿಸ್ತಿನಿಂದ ಓಡುತ್ತಾ ಹದವನ್ನು ಮರಳಿ ತರುತ್ತವೆ. ಅನಿಲ ಬರಿದಾದ ತಟ್ಟೆಗಳೂ ಆಕಾಶದಲ್ಲಿವೆ, ಮಸೂರ ಗೆಲಾಕ್ಸಿ ಎನ್ನುತ್ತಾರೆ. ತಟ್ಟೆ ಇದೆ, ತಿರುಗಾಟ ಇದೆ, ತೋಳಿಲ್ಲ.

ಅನಿಲದ ಪಾಲು ತೂಕದಲ್ಲಿ ಕಡಿಮೆ, ಪರಿಣಾಮದಲ್ಲಿ ಜಾಸ್ತಿ. ಈ ವಿಷಯದಲ್ಲಿ ನಮ್ಮವರೊಬ್ಬರು ಮಾಡಿದ ಕೆಲಸ ಕ್ಷೇತ್ರದವರಿಗಷ್ಟೇ ಗೊತ್ತು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ಚಂದಾ ಜೋಗ್ ಅವರು ಫಿಲಿಪ್ ಸಾಲೊಮನ್ ಜೊತೆ 1984ರಲ್ಲಿ ಪ್ರಕಟಿಸಿದ ಲೆಕ್ಕ, ನಕ್ಷತ್ರಗಳದ್ದೊಂದು, ಅನಿಲದ್ದೊಂದು ಎಂದು ಎರಡು ಹರಿವುಗಳನ್ನು ಒಟ್ಟಿಗೆ ಹಿಡಿಯಿತು. ನಕ್ಷತ್ರಗಳೇ ಇದ್ದರೆ ತಟ್ಟೆ ಅಲುಗದು, ಅನಿಲವೇ ಇದ್ದರೂ ಅಲುಗದು. ಎರಡೂ ಕೂಡಿದರೆ ಒಂದರ ಸೆಳೆತಕ್ಕೆ ಇನ್ನೊಂದು ಓಗೊಟ್ಟು ದಟ್ಟಣೆ ಬೆಳೆದುಬಿಡಬಹುದು. ಹಾಲಿಗೆ ಹೆಪ್ಪು ಎಷ್ಟು ಬೇಕು? ಅಷ್ಟೇ.

ಕಲ್ಲು ಹಾಕುವವರು ಯಾರು ಎಂಬ ಪ್ರಶ್ನೆ ಬಾಕಿ ಇದೆ. ಎಂ51ರಲ್ಲಿ ಅದು ಕಣ್ಣಿಗೇ ಕಾಣುತ್ತದೆ: ಆ ರಾತ್ರಿ ನಮಗೆ ಪಕ್ಕದಲ್ಲಿ ಕಂಡ ಚಿಕ್ಕ ಮಚ್ಚೆ, ಎನ್‌ಜಿಸಿ 5195. ಟೂಮ್ರೆ ಮತ್ತು ಅವರ ತಮ್ಮ ಯೂರಿ 1972ರಲ್ಲಿ, ಇಂದಿನ ಮೊಬೈಲಿಗೂ ಸಾಟಿಯಾಗದ ಕಂಪ್ಯೂಟರಿನಲ್ಲಿ, ಒಂದು ಗೆಲಾಕ್ಸಿ ಇನ್ನೊಂದರ ಪಕ್ಕ ಹಾದುಹೋದರೆ ಏನಾಗುತ್ತದೆಂದು ಲೆಕ್ಕ ಹಾಕಿದರು. ಚಂದ್ರ ನಮ್ಮ ಸಮುದ್ರವನ್ನು ಎರಡು ಬದಿಗೂ ಎತ್ತುವಂತೆ ನೆರೆಯ ಗೆಲಾಕ್ಸಿ ತಟ್ಟೆಯನ್ನು ಎರಡು ಬದಿಗೂ ಎಳೆಯುತ್ತದೆ. ಎಳೆದದ್ದು ತಿರುಗಾಟಕ್ಕೆ ಸಿಕ್ಕಿ ಎರಡು ದೊಡ್ಡ ತೋಳಾಗುತ್ತದೆ. ಎಂ51ರ ಆಕಾರ ಬಹುಮಟ್ಟಿಗೆ ಬಂದೇಬಂತು. ನೆರೆಯವರಿಲ್ಲದಿದ್ದರೆ ಕೇಂದ್ರದಲ್ಲಿ ನಕ್ಷತ್ರಗಳ ಉದ್ದನೆಯ ಪಟ್ಟಿಯೊಂದು ಇದ್ದು, ಅದು ಕಡಗೋಲಿನಂತೆ ಕಡೆಯುತ್ತಾ ತನ್ನ ತುದಿಗಳಿಂದ ತೋಳು ಎಬ್ಬಿಸಬಹುದು. ಸ್ಪಷ್ಟವಾದ ಎರಡು ತೋಳಿನ ಭವ್ಯ ಸುರುಳಿಗಳಲ್ಲಿ ಹೆಚ್ಚಿನವಕ್ಕೆ ನೆರೆಯವರೋ ಪಟ್ಟಿಯೋ ಇರುವುದನ್ನು ಜಾನ್ ಕೊರ್ಮೆಂಡಿ ಮತ್ತು ಕಾಲಿನ್ ನಾರ್ಮನ್ 1979ರಲ್ಲೇ ಗಮನಿಸಿದ್ದರು.

ಎರಡೂ ಇಲ್ಲದ ಗೆಲಾಕ್ಸಿಗಳಲ್ಲಿ ತೋಳು ಅರಳೆ ಹಿಂಜಿ ಚೆಲ್ಲಿದಂತೆ ತುಂಡುತುಂಡಾಗಿರುತ್ತದೆ. ಎನ್‌ಜಿಸಿ 2841 ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಕಲ್ಲು ಹಾಕಲು ಹೊರಗಿನವರು ಬೇಕಿಲ್ಲ, ತಟ್ಟೆಯೊಳಗಿನ ದೊಡ್ಡ ಅನಿಲ ಮೋಡಗಳೇ ಸಾಕು.

ನಮ್ಮ ಆಕಾಶಗಂಗೆ ಯಾವ ಜಾತಿ? ಮನೆಯ ಜಗಲಿಯ ಮೇಲೆ ಕೂತು ಊರಿನ ನಕ್ಷೆ ಬರೆಯುವ ಕಷ್ಟ ಇಲ್ಲಿದೆ. 1951ರ ಡಿಸೆಂಬರಿನಲ್ಲಿ ವಿಲಿಯಂ ಮಾರ್ಗನ್ ಅವರು, ಹೊಳೆಯುವ ನೀಲಿ ನಕ್ಷತ್ರಗಳ ಮತ್ತು ಅವುಗಳ ಸುತ್ತಲಿನ ಅನಿಲದ ದೂರಗಳನ್ನು ಒಟ್ಟುಗೂಡಿಸಿ ಸೂರ್ಯನ ನೆರೆಯ ತೋಳುಗಳ ತುಣುಕುಗಳನ್ನು ಮೊದಲ ಬಾರಿಗೆ ಗುರುತಿಸಿ ತೋರಿಸಿದರು. ಅದೇ ವರ್ಷ ಹೈಡ್ರೋಜನ್ನಿನ 21 ಸೆಂಟಿಮೀಟರ್ ರೇಡಿಯೊ ಅಲೆ ಸಿಕ್ಕಿ, ಧೂಳನ್ನು ತೂರಿ ನೋಡುವ ದಾರಿ ತೆರೆಯಿತು. ಈಗಿನ ನಕ್ಷೆಯಲ್ಲಿ ಎಳೆಯ ನಕ್ಷತ್ರ ಮತ್ತು ಅನಿಲವನ್ನು ಹಿಡಿದರೆ ನಾಲ್ಕು ತೋಳು ಕಾಣುತ್ತವೆ, ಹಳೆಯ ನಕ್ಷತ್ರಗಳನ್ನು ಎಣಿಸಿದರೆ ಎರಡೇ ಎದ್ದು ಕಾಣುತ್ತವೆ. ತೇರುಬೀದಿ, ಪಕ್ಕದ ಬೀದಿಯ ವ್ಯತ್ಯಾಸವೇ. ನಡುವೆ ಪಟ್ಟಿಯೂ ಇದೆ.

ಸೂರ್ಯ ಈಗ ಇರುವುದು ಓರಿಯನ್ ತೋಳಿನಲ್ಲಿ, ನಾವು ಮಹಾವ್ಯಾಧ ಎನ್ನುವ ನಕ್ಷತ್ರಪುಂಜದ ಹೆಸರಿನದು. ಚಳಿಗಾಲದ ರಾತ್ರಿ ಆ ಬೇಟೆಗಾರನ ನಡುಪಟ್ಟಿಯ ಕೆಳಗೆ ಬರಿಗಣ್ಣಿಗೂ ಮಸುಕಾಗಿ ಕಾಣುವ ನೀಹಾರಿಕೆ ಇದೇ ತೋಳಿನ ಹೆರಿಗೆ ಮನೆ, ನಮ್ಮಿಂದ ಸುಮಾರು 1,350 ಜ್ಯೋತಿರ್ವರ್ಷ. ಸೂರ್ಯ ಅಲ್ಲಿಯ ಮಗುವಲ್ಲ. 460 ಕೋಟಿ ವರ್ಷದಲ್ಲಿ ಇಪ್ಪತ್ತು ಸುತ್ತು ಹಾಕಿದವನು, ಎಷ್ಟೋ ತೋಳುಗಳ ಗುಂಪಿನಲ್ಲಿ ಸೇರಿ ಹೊರಬಂದವನು. ಜೊತೆಗೆ, ತೋಳಿನ ಗತಿಗೆ ಸರಿಸಮನಾಗಿ ಓಡುವ ನಕ್ಷತ್ರವನ್ನು ಅದು ಒಂದು ದಾರಿಯಿಂದ ಇನ್ನೊಂದು ದಾರಿಗೆ, ಅಲುಗಾಡಿಸದೆ ಸರಿಸಬಲ್ಲದೆಂದು ಸೆಲ್‌ವುಡ್ ಮತ್ತು ಜೇಮ್ಸ್ ಬಿನ್ನಿ 2002ರಲ್ಲಿ ತೋರಿಸಿದರು. ಸೂರ್ಯ ಈಗಿನದಕ್ಕಿಂತ ಕೇಂದ್ರಕ್ಕೆ ಹತ್ತಿರದಲ್ಲಿ ಹುಟ್ಟಿ ಹೀಗೆ ಹೊರಕ್ಕೆ ಬಂದಿರಬಹುದೆಂದು ಹಲವರು ನಂಬುವುದಕ್ಕೆ ಇದೊಂದು ಕಾರಣ.

ಈ ಎಲ್ಲ ಲೆಕ್ಕಗಳಿಗೆ ಹೊಸ ಪರೀಕ್ಷೆ 2025ರಲ್ಲಿ ಬಂತು. ಪುಣೆಯ ರಾಷ್ಟ್ರೀಯ ರೇಡಿಯೊ ಖಭೌತ ಕೇಂದ್ರದ ರಾಶಿ ಜೈನ್ ಮತ್ತು ಯೋಗೇಶ್ ವಾಡದೇಕರ್ ಅವರು ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳಲ್ಲಿ, ವಿಶ್ವಕ್ಕೆ ಕೇವಲ 150 ಕೋಟಿ ವರ್ಷವಾಗಿದ್ದಾಗಿನ ಒಂದು ಸುರುಳಿ ಗೆಲಾಕ್ಸಿ ಕಂಡರು. ಅಗಲ ಸುಮಾರು 30,000 ಜ್ಯೋತಿರ್ವರ್ಷ, ಎದುರುಬದುರಾಗಿ ಎರಡು ಸ್ಪಷ್ಟ ತೋಳು. ಆಕಾಶಗಂಗೆಗೆ ಹಿಂದಿಯಲ್ಲಿ ಮಂದಾಕಿನಿ ಎಂಬ ಹೆಸರಿದೆಯಲ್ಲ, ಹಿಮಾಲಯದ ಆ ಮಂದಾಕಿನಿಯ ಸೋದರಿ ನದಿ ಅಲಕನಂದಾ. ಗೆಲಾಕ್ಸಿಗೆ ಅದೇ ಹೆಸರಿಟ್ಟರು. ಅಷ್ಟು ಎಳೆಯ ವಿಶ್ವದಲ್ಲಿ ತಟ್ಟೆಗಳು ಅನಿಲ ತುಂಬಿ ಕುದಿಯುತ್ತಾ, ಗಂಟುಗಂಟಾಗಿ ಇರಬೇಕೆಂಬುದು ಅಲ್ಲಿಯವರೆಗಿನ ಅಂದಾಜು. ತೋಳು ಮೂಡುವ ಹದ ಅದಕ್ಕೆ ಇಷ್ಟು ಬೇಗ ಹೇಗೆ ಸಿಕ್ಕಿತು? ಚಿತ್ರ ನೋಡಿ ಹೇಳಲಾಗದು. ಅದರ ಬೆಳಕನ್ನು ಬಿಡಿಸಿ, ತಟ್ಟೆ ಶಿಸ್ತಿನಿಂದ ಸುತ್ತುತ್ತಿದೆಯೋ ಅಡ್ಡಾದಿಡ್ಡಿ ಓಡುತ್ತಿದೆಯೋ ಎಂದು ಅಳೆಯಬೇಕು. ಆ ಒಂದು ಅಳತೆಯಿಂದ, ಅದರ ತೋಳುಗಳನ್ನು ತಟ್ಟೆಯ ಒಳಗಿನ ತರಂಗ ಎಬ್ಬಿಸಿತೋ, ಪಕ್ಕದಲ್ಲಿ ಹಾದುಹೋದ ಯಾರಾದರೂ ಎಳೆದು ಬಿಟ್ಟರೋ ಎಂಬುದರ ಸುಳಿವು ಸಿಗುತ್ತದೆ.